ಮಂಚದ ಎರಡು ಬದಿ

ಅಕ್ಕನಿಗೆ ತಮ್ಮನ ನಮಸ್ಕಾರ.

ಅಪ್ಪನಿಗೆ ಆಪರೇಷನ್ ಬೇಡವೆಂದು ನೀನು ಬರೆದಂದಿನಿಂದ ನನಗೆ ಬರೀ ಕೆಟ್ಟ ಕನಸು. ಇಲ್ಲಿ ನಾನು ಕೆಲಸಕ್ಕಿರುವ ಬಡಗಿ ಅಂಗಡಿಯ ಚೀನೀ ಅಣ್ಣತಮ್ಮಂದಿರ ತಾಯಿಗೂ ಕಾಯಿಲೆ. ಕನ್ಫ್ಯೂಷಿಯಸನನ್ನು ನಂಬುವ ದೊಡ್ಡವನು, "ಹೆತ್ತವಳಿಗೆ ಮದ್ದು ಕುಡಿಸೋದು ಮಗನ ಧರ್ಮ" ಎಂದು ಮಂಡಿಯೂರಿ ಚಮಚ ಹಿಡಿದ. ಎಲ್ಲವನ್ನೂ ಅದರ ಪಾಡಿಗೆ ಬಿಡಬೇಕೆನ್ನುವ ತಾವೋ ಪಂಥದ ಚಿಕ್ಕವನು, "ಬಲವಂತ ಯಾಕಣ್ಣ? ಹಣ್ಣೆಲೆ ತಾನಾಗೇ ಉದುರಲಿ ಬಿಡು" ಎಂದು ಮದ್ದಿನ ಬಟ್ಟಲನ್ನೇ ಕಸಿದುಕೊಂಡ. ತಾಯಿಯ ಎದುರಿಗೇ, ಅಕ್ಕಾ! ಮಂಚದ ಕಾಲು ಬಿಗಿಮಾಡುತ್ತಿದ್ದ ನನ್ನ ಕೈಯಿಂದ ಸುತ್ತಿಗೆ ಜಾರಿತು. ಮುದುಕಿ ಎದ್ದು ಕೂತು, "ಎಲಾ ಪಂಡಿತರಾ, ನನ್ನನ್ನ ಒಬ್ಬರಾದ್ರೂ ಕೇಳಿದ್ರೇನ್ರೋ?" ಎಂದು ಗದರಿದಳು. ನನ್ನ ಕಪಾಳಕ್ಕೇ ಬಿಗಿದಂತಾಯಿತು.

ನನ್ನ ಕೆಮ್ಮು ಇಳಿದಿದೆ. ಅಂಚೆಯ ಹೊತ್ತಾಯಿತು. ಆಪರೇಷನ್ ಬೇಡ ಎಂದದ್ದು ಅಪ್ಪನೇನಾ, ಇಲ್ಲ ನೀವೆಲ್ಲ ಸೇರಿ ತೀರ್ಮಾನಿಸಿದ್ದಾ? ಅವರ ಬಾಯಿಂದಲೇ ಇನ್ನೊಮ್ಮೆ ಕೇಳಿ ಬರೆ.