ಮೂರನೇ ಬೆಸುಗೆ

ಮನೆಯಿಂದ,
ಬುಧವಾರ ಬೆಳಿಗ್ಗೆ

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಸೊಂಟನೋವು ಕಡಿಮೆಯಾಯಿತೇ? ವಾರ್ಡಿನಲ್ಲಿ ಇರುವವರನ್ನೆಲ್ಲ ಎತ್ತಿ ಕೂರಿಸುವ ನರ್ಸಮ್ಮನಿಗೆ ತನ್ನ ಬೆನ್ನು ಮಾತ್ರ ಲೆಕ್ಕಕ್ಕಿಲ್ಲ. ಭಾವ ಬೈದರೆ ಬೈಸಿಕೋ, ನಾನು ಅವರ ಪರ. ನಾವಿಲ್ಲಿ ಕ್ಷೇಮ ಎಂದು ಬರೆಯಬೇಕಲ್ಲ, ಬರೆದಿದ್ದೇನೆ. ನಿಜ ಹೇಳಬೇಕೆಂದರೆ ನನಗೆ ಊಟ ಸೇರುತ್ತಿಲ್ಲ, ನಿದ್ದೆ ಹತ್ತುತ್ತಿಲ್ಲ.

ಈ ಕಾಗದವನ್ನು ಅಮ್ಮನ ಕೈಯಲ್ಲೇ ಕೊಟ್ಟು ಕಳಿಸುತ್ತಿದ್ದೇನೆ. ನಾಳೆ ಅವಳ ಕಣ್ಣಿನ ಆಪರೇಷನ್. ನೀನು ಅವರಿವರ ಕೈಕಾಲು ಹಿಡಿದು ಗೊತ್ತುಮಾಡಿದ ದಿನ, ತಪ್ಪಿದರೆ ಮತ್ತೆ ತಿಂಗಳುಗಟ್ಟಲೆ ಕಾಯಬೇಕು. ಬಸ್ ಎಂದರೆ ಅವಳಿಗೆ ಹತ್ತುವ ಮೊದಲೇ ವಾಂತಿ. ಇರುವುದೊಂದು ನಮ್ಮ ಹಳೇ ಕಾರು, ಅದಕ್ಕೂ ಈಗಲೇ ಕಾಯಿಲೆ ಬರಬೇಕೇ! ತಣ್ಣಗಿರುವಾಗ ಸಾಧುವಿನಂತೆ ಓಡುತ್ತದೆ, ಎಂಜಿನ್ ಕಾದರೆ ನಡುರಸ್ತೆಯಲ್ಲಿ ಕೆಟ್ಟು ನಿಲ್ಲುತ್ತದೆ. "ಒಳಗೆ ಹೋಗೋ ಗಾಳಿ ಅಳೆಯುತ್ತಲ್ಲ, ಆ ಸೆನ್ಸರ್ ಹೋಗಿದೆ. ಹೊಸದು ಬರೋಕೆ ಎರಡು ವಾರ ಆಗತ್ತೆ" ಎಂದು ಮೆಕ್ಯಾನಿಕ್ ಕೈಚೆಲ್ಲಿಬಿಟ್ಟ. ಹೊಸದಕ್ಕೆ ಹೇಳಿಟ್ಟು ಬಂದೆವು. ಅಮ್ಮ ಮಾತ್ರ ಜಗ್ಗಲಿಲ್ಲ. "ಊರೋರ ರೇಡಿಯೋ ಎಲ್ಲ ರಿಪೇರಿ ಮಾಡ್ತೀಯ, ಇದೇನು ಮಹಾ! ನೀನು ಬೆಸುಗೆ ಹಾಕಿದ್ದು ಎಲ್ಲಾದರೂ ಬಿಟ್ಟಿದ್ದುಂಟಾ?" ಎಂದಳು.

ಸರಿ, ಕೂತೆ. ಸೆನ್ಸರಿನ ಮುಚ್ಚಳವನ್ನು ಬ್ಲೇಡಿನಿಂದ ಬಿಡಿಸಿ ಭೂತಗನ್ನಡಿ ಹಿಡಿದರೆ, ಒಳಗಿನ ಮೂರು ಲೋಹದ ಕಾಲುಗಳ ಬುಡದಲ್ಲೂ ಬೆಸುಗೆ ಕೂದಲೆಳೆಯಷ್ಟು ಬಿರಿದಿತ್ತು. ಕಾದಾಗ ಬಾಯಿ ಬಿಡುತ್ತದೆ, ಆರಿದಾಗ ಏನೂ ಅರಿಯದಂತೆ ಮುಚ್ಚಿಕೊಳ್ಳುತ್ತದೆ. ಹಳೆಯದನ್ನು ಕರಗಿಸಿ ತೆಗೆದು ಹೊಸದಾಗಿ ಬೆಸೆದೆ. ಹೇರ್ ಡ್ರೈಯರಿನಿಂದ ಬಿಸಿಗಾಳಿ ಬಿಟ್ಟು, ಹಳೇ ಹಲ್ಲುಜ್ಜುವ ಬ್ರಷ್ಷಿನ ಹಿಡಿಯಿಂದ ತಟ್ಟಿ ತಟ್ಟಿ ನೋಡಿದೆ; ಮೀಟರಿನ ಮುಳ್ಳು ಅಲುಗಲಿಲ್ಲ. ನಿನ್ನೆ ಇವರು ಉರಿಬಿಸಿಲಲ್ಲಿ ಏರುರಸ್ತೆಯಲ್ಲೇ ಓಡಿಸಿಕೊಂಡು ಬಂದರು, ಒಮ್ಮೆಯೂ ನಿಲ್ಲಲಿಲ್ಲ. ಆದರೂ ರೇಡಿಯೋ ಎಂದರೆ ಕಪಾಟಿನ ಮೇಲೆ ತೆಪ್ಪಗೆ ಕೂರುವ ಪ್ರಾಣಿ. ಇದು ಕಾದ ಎಂಜಿನ್ನಿನ ಪಕ್ಕ ದಾರಿಯುದ್ದಕ್ಕೂ ನಡುಗಬೇಕು. ನನಗೆ ಹೆದರಿಕೆಯಾಗುತ್ತಿದೆ ಅಕ್ಕಾ. ಮಗುವಿಗೆ ಜ್ವರ ಇಲ್ಲದಿದ್ದರೆ ನಾನೂ ಬಂದು ಹಿಂದಿನ ಸೀಟಿನಲ್ಲಿ ಜೀವ ಕೈಯಲ್ಲಿ ಹಿಡಿದುಕೊಂಡು ಕೂರುತ್ತಿದ್ದೆ.

ಈ ಕಾಗದ ಕೈಗೆ ಬಂದ ಕೂಡಲೇ ಫೋನ್ ಮಾಡು, ಕಾಫಿ ಆಮೇಲೆ ಕೊಟ್ಟರಾಯಿತು. ಭಾವನಿಗೆ ನಮಸ್ಕಾರ, ಮಕ್ಕಳ ಕೆನ್ನೆಗೆ ನನ್ನ ಪರವಾಗಿ ಒಂದೊಂದು ಮುತ್ತು.

ನಿನ್ನ ತಂಗಿ,
ಚೋಟು

ತಾ.ಕ.: ಇವರು ಆಗಲೇ ಹಾರನ್ ಹೊಡೆಯುತ್ತಿದ್ದಾರೆ. ಮೂರನೇ ಬೆಸುಗೆ ಗಟ್ಟಿಯಾಗಿಯೇ ಕೂತಿತ್ತು, ಹೊಳಪು ಬಂದಿರಲಿಲ್ಲ ಅಷ್ಟೇ. ಮಂಕು ಬೆಸುಗೆ ಕಂಡರೆ ನನಗಾಗದು, ಗೊತ್ತಲ್ಲ, ಇನ್ನೊಮ್ಮೆ ಕಾಯಿಸಿದೆ. ಬೆಸುಗೆ ಹಿಡಿದುಕೊಳ್ಳುವ ಕೆಳಗಿನ ತಾಮ್ರದ ಪದರವೇ ಕಿತ್ತು ಬಂತು. ಅಲ್ಲಿಗೊಂದು ಸಣ್ಣ ತಂತಿಯ ಎಳೆ ಹಾಯಿಸಿದ್ದೇನೆ, ಕಾರು ನಿನ್ನೆಯಿಂದ ಓಡುತ್ತಿರುವುದು ಅದರ ಮೇಲೆ. ಇವರಿಗೆ ಹೇಳಿದ್ದೇನೆ, ನಿಂತರೆ ಪಕ್ಕಕ್ಕೆ ಹಾಕಿ ಆರುವವರೆಗೆ ಕಾಯುತ್ತಾರೆ. ಅಮ್ಮನಿಗೆ ಹೇಳಿಲ್ಲ. ಡ್ಯೂಟಿಯಲ್ಲಿ ನೀನು ಫೋನ್ ಎತ್ತುವುದಿಲ್ಲ, ಎತ್ತುವ ಹೊತ್ತಿಗೆ ಅವಳು ನಿನ್ನ ಪಕ್ಕದಲ್ಲೇ ಕಿವಿ ನಿಮಿರಿಸಿಕೊಂಡು ಕೂತಿರುತ್ತಾಳೆ. ಹೊಸ ಸೆನ್ಸರ್ ಬರುವವರೆಗೆ ಏನಾದರೂ ನೆಪ ಹೇಳಿ ಅವಳನ್ನು ಅಲ್ಲೇ ಇಟ್ಟುಕೋ. ಡಾಕ್ಟರು ಅವಳ ಕಣ್ಣಿನ ಕಟ್ಟು ಬಿಚ್ಚುವ ಮೊದಲು ಈ ಕಾಗದ ಹರಿದುಹಾಕು.