ಮೂಗು ಹಿಡಿದು ಹೇಳುವ ಹೆಸರು

ಪುಟ್ಟಾ,

ನನ್ನನ್ನು ಬೈಯುವುದಕ್ಕಾದರೂ ನೀನು ಇರಬೇಕಿತ್ತು ಕಣೋ.

ಇವತ್ತು ನಮ್ಮ ಆಸ್ಪತ್ರೆಯ ಮನೋವೈದ್ಯರ ಹತ್ತಿರ, ನಿನ್ನಂತೆಯೇ ಕಿವಿ ಕೇಳದ ಹುಡುಗಿಯೊಬ್ಬಳು ತಾಯಿಯ ಜೊತೆ ಬಂದಿದ್ದಳು. ನಾನು ಬಿಪಿ ಪಟ್ಟಿ ಸುತ್ತಿಡುತ್ತಾ ಪಕ್ಕದಲ್ಲೇ ನಿಂತಿದ್ದೆ.

“ಹೇಗಿದ್ದೀಯಮ್ಮಾ?” ಎಂದರು ಡಾಕ್ಟರು. ತಾಯಿ ಅದನ್ನು ಸನ್ನೆಯಲ್ಲಿ ಕೇಳಿದಳು.

‘ಬೆಳಗಾಗೋದೇ ಬೇಡ ಅನ್ಸುತ್ತೆ’ ಎಂದವು ಹುಡುಗಿಯ ಕೈಗಳು.

“ಸ್ವಲ್ಪ ನಿದ್ದೆ ಸಾಲ್ತಿಲ್ಲ ಅಷ್ಟೇ ಸಾರ್. ಮಿಕ್ಕಂತೆ ಚೆನ್ನಾಗೇ ಇದ್ದಾಳೆ,” ಎಂದಳು ತಾಯಿ. ಥೇಟ್ ನಮ್ಮಮ್ಮ ನಿನ್ನ ಪರವಾಗಿ ಡಾಕ್ಟರಿಗೆ ಹೇಳುತ್ತಿದ್ದ ಹಾಗೆಯೇ.

ಆಗೆಲ್ಲ ಸುಮ್ಮನಿದ್ದ ನಾನು ಈ ಸಲ ಬಾಯಿಬಿಟ್ಟೆ. “ಅವಳು ಹೇಳಿದ್ದು ಅದಲ್ಲ ಸಾರ್.”

ಡಾಕ್ಟರು ತಾಯಿಯನ್ನು ಹೊರಗೆ ಕಳಿಸಿ, ಅವಳ ಸನ್ನೆ ತಿಳಿಸಲು ನನ್ನನ್ನೇ ಎದುರು ಕೂರಿಸಿದರು. ಹುಡುಗಿ ನನ್ನ ಹೆಸರು ಕೇಳಿದಳು. ನೀನು ತೀರಿಕೊಂಡ ಮೇಲೆ ಯಾರೂ ಕರೆಯದ ಆ ಸನ್ನೆಯ ಹೆಸರನ್ನೇ ಹೇಳಿದೆ, ಮೂಗಿನ ತುದಿ ಹಿಡಿದು ಉದ್ದಕ್ಕೆ ಎಳೆದು. ಅವಳು ಕಿಸಕ್ಕನೆ ನಕ್ಕಳು.

‘ಯಾರಿಟ್ಟಿದ್ದು?’

‘ನನ್ನ ತಮ್ಮ. ಅವನಿಗೂ ಕಿವಿ ಕೇಳಲ್ಲ.’

‘ನಾನು ಅವನ ಹತ್ರ ಮಾತಾಡ್ಲಾ?’

ನಾನು ಮಡಿಲಲ್ಲಿದ್ದ ಬಿಪಿ ಪಟ್ಟಿಯನ್ನು ಬಿಚ್ಚಿ ಮತ್ತೆ ಸುತ್ತತೊಡಗಿದೆ.

“ಏನಂತೆ ಸಿಸ್ಟರ್?” ಎಂದರು ಡಾಕ್ಟರು.

“ಏನಿಲ್ಲ ಸಾರ್,” ಎಂದೆ.

ಹುಡುಗಿ ನನ್ನ ತುಟಿಗಳನ್ನೇ ನೋಡುತ್ತಿದ್ದಳು, ಅಮ್ಮ ಹೀಗೆ ಹೇಳುವಾಗ ನೀನು ನೋಡುತ್ತಿದ್ದ ಹಾಗೆಯೇ.