ಮೇಜಿನ ಕೆಳಗಿನ ಕಾಲು

ಐರೋಲಿ, 9 ಮಾರ್ಚ್ 2012

ನನ್ನ ಮುದ್ದು ಚಿಕ್ಕಮ್ಮನಿಗೆ,

ಇಲ್ಲಿ ಸೇತುವೆಯ ಹತ್ತಿರ ಖಾಡಿ ಅನ್ನುವ ಕಡಲ ಹಿನ್ನೀರಿನ ಕೆಸರಿನಲ್ಲಿ ನೂರಾರು ಗುಲಾಬಿ ಹಕ್ಕಿಗಳು ಬಂದು ನಿಂತಿವೆ, ಥೇಟ್ ನನ್ನ ಮದುವೆ ಸೀರೆಯದ್ದೇ ಬಣ್ಣ. ಇವತ್ತು ಅವನ್ನು ನೋಡಿದ್ದು ಒಂದು ದೊಡ್ಡ ಆಫೀಸಿನ ಕಿಟಕಿಯಿಂದ. ಅವರ ಸಂಜೆ ಚಹಾಕ್ಕೆ ನಮ್ಮ ಬನ್ಸ್, ಗೋಳಿಬಜೆ ಕೊಡುವ ಮಾತಾಡಲು ಒಬ್ಬಳೇ ಮೇಲೆ ಹೋಗಿದ್ದೆ. ಸಿಕ್ಕಿದರೆ ಅದು ನನ್ನ ಮೊದಲ ಆರ್ಡರು.

ರೇಟು ಹೇಳಿದೆ. ಮ್ಯಾನೇಜರ್ ಹುಬ್ಬೇರಿಸಿ, “ಮ್ಯಾಡಮ್, ಥೋಡಾ ಕಮ್ ಕರೋ ನಾ” ಅಂದರು. ಆಗ ನಿಮ್ಮ ಉಡುಪಿಯ ಅಂಗಡಿ ಎಷ್ಟು ನೆನಪಾಯಿತು ಗೊತ್ತೇ? ಗಿರಾಕಿ ಮುಖ ಸಣ್ಣ ಮಾಡಿದರೆ ಸಾಕು, ನಾನು ದರ ಇಳಿಸಲು ಬಾಯಿ ತೆರೆಯುತ್ತಿದ್ದೆ, ನೀವು ಮೇಜಿನ ಕೆಳಗೆ ನನ್ನ ಕಾಲು ತುಳಿಯುತ್ತಿದ್ದಿರಿ. ಆಮೇಲೆ ಒಳಗೆ ಕರೆದು, “ನೀನು ಹೇಳಿ ಆಯ್ತಲ್ಲ ಮಗಾ, ಇನ್ನು ಅವರು ಮಾತಾಡ್ಲಿ” ಎನ್ನುತ್ತಿದ್ದಿರಿ. ಇಲ್ಲಿ ತುಳಿಯಲು ಯಾರಿದ್ದಾರೆ? ಬಲಗಾಲಿನಿಂದ ನನ್ನ ಎಡಗಾಲನ್ನು ನಾನೇ ತುಳಿದುಕೊಂಡು, ಹಕ್ಕಿಗಳನ್ನೇ ನೋಡುತ್ತಾ ಕುಳಿತೆ. ಕೊನೆಗೆ ಅವರೇ, “ಠೀಕ್ ಹೈ, ಸೋಮವಾರ್ ಸೆ ಭೇಜೋ” ಅಂದರು. ಸೋಮವಾರದಿಂದಲೇ ಕಳಿಸಬೇಕು, ಅದೂ ನಾನು ಹೇಳಿದ ರೇಟಿಗೇ!

ಕೆಳಗೆ ಕಾಯುತ್ತಿದ್ದ ನಿಮ್ಮ ಅಳಿಯ ಕೀರ್ತನ್ ನಂಬಲೇ ಇಲ್ಲ. “ನೀನು ಸುಮ್ಮನೆ ಕೂತದ್ದಾ? ಮನೆಯಲ್ಲೂ ಒಮ್ಮೆ ತೋರಿಸು ಮಾರಾಯ್ತಿ” ಅಂತ ಒಂದೇ ನಗು.

ಕಾರ್ಡಿನಲ್ಲಿ ಜಾಗ ಮುಗಿಯಿತು. ಆರೋಗ್ಯವಾಗಿದ್ದೇನೆ. ಹೊಸ ಕಾಲುಂಗುರ ಒತ್ತಿ ಎಡಗಾಲಿನ ಬೆರಳು ಮಾತ್ರ ಊದಿದೆ.

ನಿಮ್ಮ ದಿಶಾ